ತುಂಬಿದ ಕುರ್ಚಿ, ಬರಿದಾದ ಕುರ್ಚಿ

ಪ್ರಜೆಗಳು ಒಮ್ಮೆ ಆರಿಸಿ ಕೂರಿಸಿದವನು ತನ್ನ ಅವಧಿ ತೀರುವವರೆಗೆ ಪೀಠದಿಂದ ಕದಲಬೇಕಾಗಿಲ್ಲವೆಂಬುದು ಬಹುಕಾಲದ ರೂಢಿಯಾಗಿತ್ತು. ಆದರೆ ಅವನು ನಡುವೆಯೇ ಊರಿನ ವಿಶ್ವಾಸವನ್ನು ನೀಗಿಕೊಂಡರೆ ಗತಿಯೇನು? ಬೀದಿಯಲ್ಲಿ ದೀಪವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಮತ ಕೊಟ್ಟವರಾದರೋ ಮುಂದಿನ ಚುನಾವಣೆಯ ದಾರಿ ನೋಡುತ್ತ ಕುಳಿತಿರಬೇಕೆ?

ಅಮೇರಿಕೆಯ ಲಾಸ್ ಏಂಜಲೀಸ್ ಪಟ್ಟಣದವರು ಹಾಗೆ ಕುಳಿತಿರಲು ಒಪ್ಪಲಿಲ್ಲ. ಜಾನ್ ರ‍್ಯಾಂಡಾಲ್ಫ್ ಹೇನ್ಸ್ ಎಂಬ ವೈದ್ಯರ ಪ್ರಯತ್ನದ ಫಲವಾಗಿ 1903ರಲ್ಲಿ ಆ ಪಟ್ಟಣದ ಶಾಸನದೊಳಗೆ ಚುನಾಯಿತರನ್ನು ಹಿಂದಕ್ಕೆ ಕರೆಯುವ ಹಕ್ಕು ಸೇರಿತು. ಹಿಂದಿನ ಚುನಾವಣೆಯಲ್ಲಿ ಬಿದ್ದ ಮತಗಳ ನೂರಕ್ಕೆ 25ರಷ್ಟು ಮತದಾರರು ಸಹಿ ಹಾಕಿದರೆ ಸಾಕು, ಮತ್ತೊಮ್ಮೆ ಮತ ಕೇಳಬೇಕಾಗುತ್ತಿತ್ತು. ಮರುವರ್ಷವೇ ಒಬ್ಬ ಸದಸ್ಯನು ಸ್ಥಾನ ಕಳೆದುಕೊಂಡನು. ನಗರದ ಮುದ್ರಣದ ಕೆಲಸವನ್ನು ಹೆಚ್ಚು ಬೆಲೆ ಕೇಳಿದವರಿಗೆ ಕೊಡಿಸಲು ಮತವಿತ್ತನೆಂಬುದು ಅವನ ಮೇಲಿನ ದೂರು. ಅಪರಾಧವು ಅಲ್ಪವೆಂದು ತೋರಬಹುದು; ಆದರೆ ವ್ಯಯವಾದದ್ದು ಊರಿನ ಹಣ.

ಭಾರತದಲ್ಲಿ 1974ರಲ್ಲಿ ಸಿ. ಕೆ. ಚಂದ್ರಪ್ಪನ್‌ರವರು ಲೋಕಸಭೆಯಲ್ಲಿ ಇಂತಹ ಹಕ್ಕಿಗಾಗಿ ಮಸೂದೆಯೊಂದನ್ನು ಮಂಡಿಸಿದರು. ಪ್ರತಿಪಕ್ಷದ ಅಟಲ್ ಬಿಹಾರಿ ವಾಜಪೇಯಿಯವರೂ ಅದನ್ನು ಬೆಂಬಲಿಸಿದರು. ಮಸೂದೆಯು ಬಿದ್ದುಹೋಯಿತು. ದೊಡ್ಡ ಸಭೆಯಲ್ಲಿ ಸಲ್ಲದ ಮಾತು ಕಡೆಗೆ ಸಣ್ಣ ಊರುಗಳಲ್ಲಿ ಸಂದಿತು. ಆ ಶತಮಾನದ ಕೊನೆಯ ವರ್ಷಗಳಲ್ಲಿ ಮಧ್ಯಪ್ರದೇಶವು ತನ್ನ ಮುನಿಸಿಪಾಲಿಟಿಗಳ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವಂತೆ ಮಾಡಿ, ಅವರನ್ನು ಎಬ್ಬಿಸುವ ಹಕ್ಕನ್ನೂ ಜನರಿಗೇ ಇತ್ತಿತು.

ಅದರ ವಿಧಾನವು ಬಲು ಸರಳವಾದದ್ದು. ಮತಪತ್ರದಲ್ಲಿ ಹೆಸರುಗಳ ಸ್ಪರ್ಧೆಯಿಲ್ಲ; ಎರಡೇ ಚಿತ್ರಗಳು. ಒಂದರಲ್ಲಿ ಕುರ್ಚಿಯ ಮೇಲೆ ಮನುಷ್ಯನು ಕುಳಿತಿರುವನು, ಇನ್ನೊಂದರಲ್ಲಿ ಕುರ್ಚಿಯು ಬರಿದಾಗಿರುವದು. ಅಕ್ಷರವರಿಯದ ಮುದುಕಿಗೂ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಿಯ ಕುರ್ಚಿಗೆ ಸಂದರೆ ಅಧ್ಯಕ್ಷನು ಇಳಿಯತಕ್ಕದ್ದು. ಅನೂಪಪುರವೆಂಬ ಚಿಕ್ಕ ಪಟ್ಟಣದಲ್ಲಿ ಮೊಟ್ಟಮೊದಲು ಅಧ್ಯಕ್ಷಪೀಠವು ಹೀಗೆ ತೆರವಾಯಿತು. 2000ದಲ್ಲಿ ಬೇರೆಯಾದ ಛತ್ತೀಸಗಡವು ಇದೇ ಪದ್ಧತಿಯನ್ನು ಉಳಿಸಿಕೊಂಡಿತು. ಅಲ್ಲಿ 2008ರಲ್ಲಿ ಮೂರು ಊರುಗಳ ಅಧ್ಯಕ್ಷರು ಪದವಿ ಬಿಡಬೇಕಾಯಿತು. ಎಲ್ಲೆಡೆಯೂ ಹೀಗೇ ಆಯಿತೆಂದಲ್ಲ. ಮಧ್ಯಪ್ರದೇಶದ ಕೆಲವು ಊರುಗಳಲ್ಲಿ ತುಂಬಿದ ಕುರ್ಚಿಯೇ ಗೆದ್ದು, ದೂರಿತ್ತವರು ತಲೆ ತಗ್ಗಿಸಿದರು.

ದೂರಿತ್ತವರು ಯಾರು? ವಿಚಾರಿಸತಕ್ಕ ಮಾತು ಇಲ್ಲಿಯೇ ಇರುವದು. ಲಾಸ್ ಏಂಜಲೀಸಿನಲ್ಲಿ ಸಹಿ ಹಾಕಿದವರು ಮತದಾರರು. ಮಧ್ಯಪ್ರದೇಶದ ಕಾಯಿದೆಯು ಆ ಕೆಲಸವನ್ನು ಚುನಾಯಿತ ಸದಸ್ಯರ ಕೈಗಿತ್ತಿತು; ಅವರಲ್ಲಿ ಮುಕ್ಕಾಲು ಪಾಲು ಜನರು ಕಲೆಕ್ಟರರಿಗೆ ಬರೆದುಕೊಟ್ಟಲ್ಲದೆ ಮತಪೆಟ್ಟಿಗೆಯು ಹೊರಬರುವಂತಿರಲಿಲ್ಲ. ಕಡೆಯ ಮಾತು ಊರಿನದು, ಮೊದಲ ಮಾತು ಸದಸ್ಯರದು. ಸದಸ್ಯರೂ ಅಧ್ಯಕ್ಷನೂ ಕೂಡಿಯೇ ಉಂಡರೆ ಊರು ಬಾಯಿ ಮುಚ್ಚಿಕೊಂಡಿರಬೇಕು. ಹಂಚಿಕೆಯಲ್ಲಿ ಜಗಳವೆದ್ದರೆ ನಿರ್ದೋಷಿಯೂ ಪರೀಕ್ಷೆಗೆ ನಿಲ್ಲಬೇಕಾದೀತು. ಅಂಥವನನ್ನು ಊರೇ ಮತವಿತ್ತು ಉಳಿಸಿಕೊಳ್ಳಬಲ್ಲದೆಂಬುದು ಈ ವ್ಯವಸ್ಥೆಯ ಗುಣ.

ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಈ ಕಡೆಯ ಮಾತೂ ಊರಿಗಿಲ್ಲ. 1993ರ ಕಾಯಿದೆಯಂತೆ ಅಧ್ಯಕ್ಷನನ್ನು ಆರಿಸುವವರೂ ಸದಸ್ಯರು, ಅವಿಶ್ವಾಸ ನಿರ್ಣಯದಿಂದ ಇಳಿಸುವವರೂ ಸದಸ್ಯರು. ಬಾಗಿಲಾಚೆ ನಿಂತ ಗ್ರಾಮಸ್ಥರಿಗೆ ಒಳಗಿನ ಎಣಿಕೆಯ ಫಲವು ಮಾತ್ರ ತಿಳಿದುಬರುವದು.