ಸಾವಿರ ಅಡಿಗಳ ಅಂತರ

ಊರಿನಲ್ಲಿ ಹೊಸದೊಂದು ಮದ್ಯದಂಗಡಿ ಬರಲಿದೆಯೆಂದು ತಿಳಿದ ಕೂಡಲೇ ನಾವು ಕೇಳುವುದು ಒಂದೇ ಪ್ರಶ್ನೆ: ಮಸೀದಿಯಿಂದ ಎಷ್ಟು ದೂರ, ಶಾಲೆಯಿಂದ ಎಷ್ಟು ದೂರ? ಕರ್ನಾಟಕದ ಅಬಕಾರಿ ನಿಯಮಗಳು ಇದಕ್ಕೆ ಸಾಮಾನ್ಯವಾಗಿ 100 ಮೀಟರ್ ಅಂತರವನ್ನು ಗೊತ್ತುಪಡಿಸಿವೆ. ಇಂತಹುದೇ ಅಳತೆಗೋಲು ಹಿಡಿದು ತಮ್ಮ ಬೀದಿಗಳನ್ನು ಕಾಯಲು ಹೊರಟ ಅಮೆರಿಕದ ಕೆಲವು ನಗರಗಳ ಇತಿಹಾಸ ನಾವು ತಿಳಿದಿರಬೇಕಾದದ್ದು.

1970ರ ಆಸುಪಾಸಿನಲ್ಲಿ ಅಲ್ಲಿನ ದೊಡ್ಡ ನಗರಗಳಲ್ಲಿ ಅಶ್ಲೀಲ ಚಿತ್ರಗಳ ಥಿಯೇಟರ್‌ಗಳು, ಪುಸ್ತಕದಂಗಡಿಗಳು, ನಗ್ನ ನೃತ್ಯದ ಬಾರ್‌ಗಳು ಸಾಲುಸಾಲಾಗಿ ತೆರೆದುಕೊಂಡವು. ಇವನ್ನು ಪೂರ್ತಿ ಮುಚ್ಚಿಸಲು ಹೋದರೆ ಸಂವಿಧಾನದ ಮೊದಲ ತಿದ್ದುಪಡಿ ನೀಡಿದ ಅಭಿವ್ಯಕ್ತಿ ಸ್ವಾತಂತ್ರ್ಯ ಅಡ್ಡ ಬರುತ್ತಿತ್ತು. ನ್ಯೂಜೆರ್ಸಿಯ ಮೌಂಟ್ ಎಫ್ರೈಮ್ ಎಂಬ ಸಣ್ಣ ಊರು ಎಲ್ಲ ಬಗೆಯ ನೇರ ಪ್ರದರ್ಶನಗಳನ್ನೂ ನಿಷೇಧಿಸಿದಾಗ 1981ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಾಗಾಗಿ ನಗರಸಭೆಗಳಿಗೆ ಉಳಿದದ್ದು ಒಂದೇ ದಾರಿ. ಏನು ತೋರಿಸಬೇಕೆಂಬುದನ್ನಲ್ಲ, ಎಲ್ಲಿ ತೋರಿಸಬೇಕೆಂಬುದನ್ನು ನಿರ್ಧರಿಸುವುದು.

ಈ ದಾರಿಯನ್ನು ಮೊದಲು ಗಟ್ಟಿಗೊಳಿಸಿದ್ದು ಡೆಟ್ರಾಯಿಟ್. 1972ರಲ್ಲಿ ಅದು ತನ್ನ ವಲಯ ನಿಯಮವನ್ನು ತಿದ್ದಿತು. ಇಂತಹ ಥಿಯೇಟರ್ ವಸತಿ ಪ್ರದೇಶದಿಂದ 500 ಅಡಿಯೊಳಗೆ ಇರಬಾರದು; ಇದೇ ನಿಯಂತ್ರಣಕ್ಕೊಳಪಟ್ಟ ಬೇರೆ ಎರಡು ಉದ್ದಿಮೆಗಳಿಂದ 1000 ಅಡಿಯೊಳಗೂ ಇರಬಾರದು. ಒಂದೇ ಕಡೆ ಇವು ಗುಂಪುಗೂಡಿದರೆ ಆಸ್ತಿಯ ಬೆಲೆ ಇಳಿಯುತ್ತದೆ, ಅಪರಾಧ ಹೆಚ್ಚುತ್ತದೆ, ನಿವಾಸಿಗಳು ಮನೆ ಬಿಟ್ಟು ಹೋಗುತ್ತಾರೆ ಎಂಬುದು ನಗರ ಯೋಜಕರ ಅಭಿಪ್ರಾಯವಾಗಿತ್ತು. ಥಿಯೇಟರ್ ಮಾಲಕರು ನ್ಯಾಯಾಲಯಕ್ಕೆ ಹೋದರು. 1976ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ನಗರದ ನಿಯಮವನ್ನು ಎತ್ತಿಹಿಡಿಯಿತು.

ಬೋಸ್ಟನ್ ಇದಕ್ಕೆ ತೀರಾ ವಿರುದ್ಧವಾದ ಹಾದಿ ಹಿಡಿಯಿತು. 1960ರ ದಶಕದ ಆರಂಭದಲ್ಲಿ ಸರಕಾರಿ ಕಟ್ಟಡಗಳಿಗಾಗಿ ಸ್ಕಾಲಿ ಸ್ಕ್ವೇರ್ ಎಂಬ ಪ್ರದೇಶವನ್ನು ಕೆಡವಿದಾಗ ಅಲ್ಲಿದ್ದ ವ್ಯವಹಾರ ವಾಷಿಂಗ್ಟನ್ ಬೀದಿಯ ಕೆಳಭಾಗಕ್ಕೆ ಸರಿಯಿತು. ಊರಿಡೀ ಹರಡುವುದಕ್ಕಿಂತ ಒಂದೆಡೆ ಕಟ್ಟಿಹಾಕುವುದೇ ಲೇಸೆಂದು 1974ರಲ್ಲಿ ನಗರಾಡಳಿತ ಅದನ್ನೇ ಅಧಿಕೃತ ವಲಯವನ್ನಾಗಿಸಿತು. ಜನರ ಬಾಯಲ್ಲಿ ಅದು 'ಕಾಂಬ್ಯಾಟ್ ಝೋನ್', ಅಂದರೆ ಕಾಳಗದ ವಲಯ. ಆದರೆ ಆ ವಲಯದ ಪಕ್ಕದಲ್ಲೇ ಇದ್ದದ್ದು ಚೀನೀ ವಲಸಿಗರ ಚೈನಾಟೌನ್. ಹೆದ್ದಾರಿಗಳಿಗಾಗಿ ಅದಾಗಲೇ ಮನೆ, ಜಾಗ ಕಳಕೊಂಡಿದ್ದ ಸಮುದಾಯವದು. ನಗರದ ಉಳಿದ ಬಡಾವಣೆಗಳು ನಿಟ್ಟುಸಿರು ಬಿಟ್ಟವು. ಹೊರೆ ಬಿದ್ದದ್ದು ದನಿ ಕಡಿಮೆಯಿದ್ದವರ ಹೊಸ್ತಿಲಿಗೆ. 1976ರ ನವೆಂಬರ್‌ನಲ್ಲಿ ಅಲ್ಲಿ ಇರಿತಕ್ಕೊಳಗಾದ ಹಾರ್ವರ್ಡ್ ವಿದ್ಯಾರ್ಥಿಯೊಬ್ಬ ಬಳಿಕ ತೀರಿಕೊಂಡ. ಆಗ ಇಡೀ ದೇಶ ಆ ಬೀದಿಯತ್ತ ನೋಡಿತು. ಪಕ್ಕದಲ್ಲಿ ಮಕ್ಕಳನ್ನು ಸಾಕುತ್ತಿದ್ದವರಿಗೆ ಅದು ದಿನನಿತ್ಯದ ನೆರೆಯಾಗಿತ್ತು.

ಮೂರನೆಯದು ಸಿಯಾಟಲ್ ಬಳಿಯ ರೆಂಟನ್. ಅಲ್ಲಿ ಇಂತಹ ಒಂದು ಥಿಯೇಟರೂ ಇಲ್ಲದಿದ್ದಾಗಲೇ, 1981ರಲ್ಲಿ, ನಗರಸಭೆ ನಿಯಮ ತಂದಿತು. ನಂತರದ ತಿದ್ದುಪಡಿಯೊಂದಿಗೆ ಅದು ಮನೆ, ಶಾಲೆ, ಚರ್ಚ್, ಉದ್ಯಾನಗಳಿಂದ 1000 ಅಡಿ ಅಂತರವೆಂದು ನಿಂತಿತು. ಉಳಿದದ್ದು 520 ಎಕರೆ, ಊರಿನ ಶೇಕಡಾ 5ಕ್ಕಿಂತ ಸ್ವಲ್ಪ ಹೆಚ್ಚು. ಆ ಜಾಗ ನಮಗೆ ಸಿಗುವಂತಿಲ್ಲವೆಂದು ಮಾಲಕರು ವಾದಿಸಿದರು. 1986ರಲ್ಲಿ ಸುಪ್ರೀಂ ಕೋರ್ಟ್ ಅದನ್ನೊಪ್ಪದೆ 7-2ರಿಂದ ನಗರದ ಪರ ನಿಂತಿತು. ಸಿಯಾಟಲ್‌ನಂತಹ ಬೇರೆ ನಗರಗಳ ಅನುಭವವನ್ನು ರೆಂಟನ್ ಆಧಾರವಾಗಿ ಬಳಸಿದ್ದು ತಪ್ಪಲ್ಲವೆಂದೂ ಹೇಳಿತು. ಹಾನಿಯಾಗುವವರೆಗೆ ಕಾಯಬೇಕಿಲ್ಲ, ಆದರೆ ಕೈಯಲ್ಲಿ ಪುರಾವೆ ಇರಬೇಕು ಎಂಬುದು ಇದರ ಸಾರ.

ಈ ಇತಿಹಾಸದಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ರೋಷವೊಂದೇ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಗೆದ್ದ ನಗರಗಳು ನಕ್ಷೆ, ಅಳತೆ, ಅಧ್ಯಯನಗಳೊಂದಿಗೆ ಬಂದಿದ್ದವು. ನಮ್ಮ ಗ್ರಾಮಸಭೆ, ವಾರ್ಡ್ ಸಭೆಗಳಿಗೂ ಬರಿಗೈಯಲ್ಲಿ ಹೋಗಬಾರದು. ಎರಡನೆಯದು, ನಮ್ಮ ಮೊಹಲ್ಲಾದಿಂದ ದೂರವಾದ ಕೆಡುಕು ಇನ್ಯಾರದೋ ಮನೆಯ ಮುಂದೆ ಹೋಗಿ ಕೂತಿರಬಹುದು. ಚೈನಾಟೌನಿನ ತಾಯಂದಿರ ಕಷ್ಟ ಬೋಸ್ಟನ್ನಿನ ಬೇರೆ ಬೀದಿಗಳಿಗೆ ಕಾಣಲಿಲ್ಲ. ನೆರೆಯವರ ಹಕ್ಕಿನ ಬಗ್ಗೆ ಮಾತನಾಡುವ ನಾವು ಅಂತರ ಅಳೆಯುವಾಗ ಆಚೆ ಬದಿಯ ಮನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಂಬ್ಯಾಟ್ ಝೋನ್ 1980ರ ದಶಕದಲ್ಲಿ ಸೊರಗಿತು. ಭೂಮಿಯ ಬೆಲೆ ಏರಿದ್ದು ಒಂದು ಕಾರಣ. ವೀಡಿಯೊ ಕ್ಯಾಸೆಟ್ ಮನೆಯೊಳಗೇ ಬಂದದ್ದು ಇನ್ನೊಂದು. ಬೀದಿ ಶುಚಿಯಾಯಿತು, ಸರಕು ಮನೆಗೆ ಬಂತು. ಇಂದು ಅದು ಮಕ್ಕಳ ಕೈಯ ಮೊಬೈಲಿನಲ್ಲಿದೆ. ಅಲ್ಲಿ 1000 ಅಡಿಯನ್ನು ಯಾವ ನಗರಸಭೆಯೂ ಅಳೆದು ಕೊಡಲಾರದು. ಆ ಕೆಲಸ ತಂದೆ-ತಾಯಂದಿರಾದ ನಮ್ಮ ಮೇಲೆಯೇ ಇದೆ.