ಅಟ್ಟದ ಮೇಲಿನ ಮದುವೆ: ಕ್ಯಾಸೆಟ್‌ನಿಂದ ಡಿಸ್ಕಿಗೆ, ಕಡಿಮೆ ಖರ್ಚಿನಲ್ಲಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಕಥೆ ಶುರುವಾಗೋದು ಬೀದರಿನ ಗಾಂಧಿ ಗಂಜದಲ್ಲಿ, ತೊಗರಿ ಚೀಲಗಳ ಮಧ್ಯೆ.

ಗಂಜ ನೋಡದವರಿಗೆ ಒಂದು ಮಾತು. ಇದು ಬೀದರ್ ನಗರದ ಧಾನ್ಯದ ಪೇಟೆ. ಭಾಲ್ಕಿ, ಔರಾದ್ ಕಡೆಯ ರೈತರು ತೊಗರಿ, ಹೆಸರು, ಉದ್ದು, ಸೋಯಾ ತಂದು ಇಲ್ಲಿ ಇಳಿಸುತ್ತಾರೆ. ನಮ್ಮ ಕಾಕಾನದೂ ಇಲ್ಲೊಂದು ಅಡತ್ ಅಂಗಡಿ ಇದೆ. ದೀಪಾವಳಿಯ ಲಕ್ಷ್ಮೀ ಪೂಜೆಗೆ ಮುಂಚೆ ಅಂಗಡಿ ಝಾಡಿಸೋದು ವರ್ಷದ ಪದ್ಧತಿ. ಹೋದ ವರ್ಷ ಅಟ್ಟದ ಮೇಲೆ, ಹಳೆ ಲೆಕ್ಕದ ಪುಸ್ತಕಗಳ ಹಿಂದೆ, ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ಒಂಬತ್ತು ವಿಡಿಯೊ ಕ್ಯಾಸೆಟ್. ಆರು ದೊಡ್ಡವು, ಮೂರು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು. ಒಂದು ಸಣ್ಣದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿತ್ತು: "ಭಾಲ್ಕಿ ಮದುವೆ, 1994."

"ಇದನ್ನ ಡಿವಿಡಿ ಮಾಡಿಸು. ರೊಕ್ಕ ಭಾಳ ಹೋಗಬಾರದು ನೋಡು," ಅಂದರು ಕಾಕಾ. ಅವರದೇ ಮದುವೆ ಅದು.

ಆ ಮದುವೆಯ ಡಿಸ್ಕ್ ನಮ್ಮ ಮನೆಯಲ್ಲಿ ಮೊದಲೇ ಇತ್ತು. ಮತ್ತೆ ಯಾಕೆ ಈ ಕ್ಯಾಸೆಟ್? ಅದಕ್ಕೆ ಉತ್ತರ ಬೇಕಂದರೆ ಸ್ವಲ್ಪ ಹಿಂದೆ ಹೋಗಬೇಕು.

ಮನೆಮಂದಿಯ ಚಲಿಸುವ ಚಿತ್ರ ತೆಗೆಯೋದು ಒಂದು ಕಾಲಕ್ಕೆ ಸಿರಿವಂತರ ಶೋಕಿ. ಕೊಡಾಕ್ ಕಂಪನಿ 1965ರಲ್ಲಿ ಸೂಪರ್ 8 ಫಿಲ್ಮ್ ತಂದಾಗಲೂ ಒಂದು ರೀಲು ಓಡುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಹೆಚ್ಚಿನವಕ್ಕೆ ಧ್ವನಿಯೇ ಇರುತ್ತಿರಲಿಲ್ಲ. 1976ರಲ್ಲಿ ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ ಬಿಡುಗಡೆ ಮಾಡಿತು. ಅರ್ಧ ಇಂಚು ಅಗಲದ ಟೇಪು, ಇ-180 ಅನ್ನೋ ಕ್ಯಾಸೆಟ್‌ನಲ್ಲಿ ಮೂರು ಗಂಟೆ ಹಿಡಿಯುತ್ತಿತ್ತು. ನಮ್ಮ ದೇಶಕ್ಕೆ ತಿರುವು 1982. ದೆಹಲಿಯ ಏಷ್ಯನ್ ಗೇಮ್ಸ್ ವರ್ಷವೇ ದೂರದರ್ಶನಕ್ಕೆ ಬಣ್ಣ ಬಂತು, ಅದರ ಬೆನ್ನಿಗೆ ವಿಸಿಆರ್ ಬಂತು. ಉಳ್ಳವರು ಕೊಂಡರು, ಉಳಿದವರು ಒಂದು ರಾತ್ರಿಗೆ ಬಾಡಿಗೆ ತಂದರು. ಟಿವಿ, ವಿಸಿಆರ್, ಮೂರು ಸಿನಿಮಾ. ಬೆಳಗಾಗುವ ತನಕ ಓಣಿಯ ಮಂದಿಯೆಲ್ಲ ಒಂದೇ ಮನೆಯಲ್ಲಿ. ನಿಮ್ಮ ಅಪ್ಪ-ಅಮ್ಮನ್ನ ಕೇಳಿ ನೋಡ್ರಿ, ಗೊತ್ತಿರುತ್ತೆ.

ಮದುವೆಗೆ ವಿಡಿಯೊ ಬಂದದ್ದು ಇದರ ಹಿಂದೆಯೇ. ಹೆಗಲ ಮೇಲೆ ಹೊರುವ ಪ್ಯಾನಾಸೋನಿಕ್ ಕ್ಯಾಮೆರಾ, ಅದರ ಪಕ್ಕ ವೈರು ಎಳೆದುಕೊಂಡು ಲೈಟ್ ಹಿಡಿದ ಹುಡುಗ. ಅಕ್ಷತೆ ಬೀಳೋ ಹೊತ್ತಿಗೆ ಮದುಮಗಳು ಕಣ್ಣು ಮುಚ್ಚಿದ್ದು ನಾಚಿಕೆಗೆ ಅಂತ ಎಲ್ಲರೂ ತಿಳಿದುಕೊಂಡಿದ್ದರು. ಆ ಲೈಟಿಗೆ ಅಂತಾರೆ ನಮ್ಮ ಕಾಕಿ.

ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೊದಲ್ಲಿ 'ಮಿಕ್ಸಿಂಗ್' ನಡೆಯುತ್ತಿತ್ತು. ಹೃದಯದಾಕಾರದ ಚೌಕಟ್ಟಿನೊಳಗೆ ವಧೂವರರು, ಅರಳುವ ತಾವರೆಯೊಳಗೆ ಅವರ ಮುಖ, ಮೇಲೆ ಸಿನಿಮಾ ಹಾಡು. ನಾವೆಲ್ಲ ಇದನ್ನ ನೋಡಿ ನಗುತ್ತೇವೆ. ನಗೋ ವಿಷಯ ತಾವರೆ ಮಾತ್ರ. ಹಾಡು ಹಾಕೋದಕ್ಕಾಗಿ ಮದುವೆ ಮನೆಯ ಅಸಲಿ ಧ್ವನಿಯನ್ನ ತೆಗೆದುಹಾಕುತ್ತಿದ್ದರಲ್ಲ, ಅದು ನಷ್ಟ. ಸೋಬಾನೆ ಹಾಡಿದ ಹೆಂಗಸರು, ಬೀಗರ ಜಗಳ, ಊಟಕ್ಕೆ ಕರೆಯೋ ಕೂಗು, ಎಲ್ಲವೂ ಹೋಯಿತು. ಮೂಲ ಕ್ಯಾಸೆಟ್‌ನ ಮೇಲೆ ಮುಂದಿನ ಮದುವೆ ತುಂಬಿಸುವ ಸ್ಟುಡಿಯೊಗಳೂ ಇದ್ದವು, ಖಾಲಿ ಕ್ಯಾಸೆಟ್ ಅಗ್ಗವಿರಲಿಲ್ಲ. ಹಾಗಾಗಿ ಸಾವಿರಾರು ಮದುವೆಗಳ ಚಿತ್ರ ನಮ್ಮ ಹತ್ತಿರ ಇದೆ, ಸದ್ದಿಲ್ಲ.

ಆಮೇಲೆ ವಿಸಿಡಿ ಬಂತು. 1993ರಲ್ಲಿ ಹುಟ್ಟಿದ ಈ ಡಿಸ್ಕ್ ನಮ್ಮಲ್ಲಿ ಮನೆಮನೆಗೆ ಹಬ್ಬಿದ್ದು 2000ದ ಆಸುಪಾಸು. "ಕ್ಯಾಸೆಟ್ ಹಾಳಾಗ್ತದ, ಸಿಡಿ ಮಾಡಿಸಿಬಿಡ್ರಿ" ಅನ್ನೋ ಮಾತು ಎಲ್ಲೆಡೆ. ನಮ್ಮ ಮನೆಯವರೂ 2004ರಲ್ಲಿ ಮದುವೆಯ ದೊಡ್ಡ ಕ್ಯಾಸೆಟ್ ಕೊಟ್ಟು ಮೂರು ವಿಸಿಡಿ ತಂದರು. ಮೂರು ಯಾಕೆ ಅಂದರೆ ಒಂದು ವಿಸಿಡಿಯಲ್ಲಿ 74ರಿಂದ 80 ನಿಮಿಷವಷ್ಟೇ ಹಿಡಿಯೋದು. ಚಿತ್ರದ ಅಳತೆ 352ಕ್ಕೆ 288 ಚುಕ್ಕೆ. ನಮ್ಮ ಪಾಲ್ ಪದ್ಧತಿಯ ಟಿವಿ ಚಿತ್ರದಲ್ಲಿ ಕಾಣುವ ಗೆರೆಗಳು 576. ಅಂದರೆ ಅರ್ಧ ಗೆರೆಗಳು ಅಲ್ಲೇ ಹಾರಿಹೋದವು. ಡಿಸ್ಕ್ ಬಂದ ಖುಷಿಯಲ್ಲಿ ಮೂಲ ಕ್ಯಾಸೆಟ್ ವಾಪಸ್ ಕೇಳೋದನ್ನೇ ಮರೆತರು. ಈಗ ಆ ಮೂರು ಡಿಸ್ಕಿನಲ್ಲಿ ಎರಡನೆಯದು ಓದುವುದೇ ಇಲ್ಲ. ಬರೆಯುವ ಡಿಸ್ಕುಗಳಲ್ಲಿ ಮಾಹಿತಿ ನಿಲ್ಲೋದು ಒಂದು ಬಣ್ಣದ ಪದರದಲ್ಲಿ. ಬೀದರಿನ ಬೇಸಿಗೆಯಲ್ಲಿ ತಗಡಿನ ಕೆಳಗೆ ಇಟ್ಟರೆ ಅದು ಎಷ್ಟು ವರ್ಷ ತಡೆದೀತು?

ಹಾಗಾದರೆ ಈ ಸಣ್ಣ ಕ್ಯಾಸೆಟ್ ಎಲ್ಲಿಂದ ಬಂತು? ಸೋನಿ ಕಂಪನಿ 1985ರಲ್ಲಿ 'ವಿಡಿಯೊ 8' ಅನ್ನೋ ಸಣ್ಣ ಟೇಪಿನ ಹ್ಯಾಂಡಿಕ್ಯಾಮ್ ತಂದಿತ್ತು. ಟೇಪಿನ ಅಗಲ ಬರೀ 8 ಮಿಲಿಮೀಟರ್. ನಮ್ಮ ಕಡೆ ಇಂಥವು ಬಂದದ್ದು ಹೆಚ್ಚಾಗಿ ಗಲ್ಫ್‌ಗೆ ದುಡಿಯಲು ಹೋದವರ ಸೂಟ್‌ಕೇಸಿನಲ್ಲಿ. ಕಾಕಾನ ದೋಸ್ತರೊಬ್ಬರು ಸೌದಿಯಿಂದ ತಂದ ಹ್ಯಾಂಡಿಕ್ಯಾಮ್‌ನಲ್ಲಿ ಮದುವೆಯ ಒಂದೂವರೆ ಗಂಟೆ ಸುಮ್ಮನೆ ತೆಗೆದಿದ್ದರು. ಮಿಕ್ಸಿಂಗ್ ಇಲ್ಲ, ತಾವರೆ ಇಲ್ಲ, ಹಾಡೂ ಇಲ್ಲ. ಮಶೀನ್ ಇಲ್ಲದ್ದರಿಂದ ಮನೆಯಲ್ಲಿ ಯಾರೂ ಅದನ್ನ ನೋಡಿರಲಿಲ್ಲ. ಯಾರಿಗೂ ನೋಡಲಾಗದ ಕ್ಯಾಸೆಟ್ ಅಂತಲೇ ಅದು ಉಳೀತು ಅನ್ನಿ.

ಈಗ ಖರ್ಚಿನ ಮಾತು. ಸಣ್ಣ ಕ್ಯಾಸೆಟ್‌ಗೆ ಒಂದು ಅಡಾಪ್ಟರ್ ಸಿಕ್ಕರೆ ವಿಸಿಆರ್‌ಗೆ ಹಾಕಬಹುದು ಅಂತ ನಾನೂ ನಂಬಿದ್ದೆ. ಅದು ವಿಎಚ್‌ಎಸ್-ಸಿ ಅನ್ನೋ ಬೇರೆ ಜಾತಿಗೆ ಮಾತ್ರ. ವಿಡಿಯೊ 8ಕ್ಕೆ ಹಾಗೊಂದು ಅಡಾಪ್ಟರ್ ಇಲ್ಲ. ಆ ಜಾತಿಯ ಕ್ಯಾಮೆರಾವೇ ಬೇಕು. ದೋಸ್ತರ ಮನೆಯಲ್ಲಿ ಆ ಹಳೆ ಹ್ಯಾಂಡಿಕ್ಯಾಮ್ ಇತ್ತು, ಜೀವ ಇರಲಿಲ್ಲ. ಊರಿನ ರಿಪೇರಿಯವರೊಬ್ಬರು ಬಿಚ್ಚಿ, ಹೆಡ್ ಒರೆಸಿ, ಗಟ್ಟಿಯಾದ ಗ್ರೀಸ್ ತೆಗೆದು, 600 ರೂಪಾಯಿಗೆ ಓಡುವಂತೆ ಮಾಡಿಕೊಟ್ಟರು. ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ 900. ಕಂಪ್ಯೂಟರ್ ತಂಗಿಯದು, ಒಬಿಎಸ್ ಸಾಫ್ಟ್‌ವೇರ್ ಪುಕ್ಕಟೆ. ಹೊಸ ವಿಸಿಆರ್ ಕೊಳ್ಳೋಣ ಅಂದುಕೊಂಡರೆ ಆಗದ ಮಾತು. ಜಗತ್ತಿನಲ್ಲಿ ಕೊನೆಯವರೆಗೂ ಅದನ್ನ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು: 2025ರೊಳಗೆ ಡಿಜಿಟಲ್ ಆಗದ ಟೇಪುಗಳಲ್ಲಿ ಹೆಚ್ಚಿನವು ಕಳೆದುಹೋದಂತೆಯೇ. ಟೇಪಿಗಿಂತ ಮೊದಲು ಸಾಯೋದು ಮಶೀನು, ಮಶೀನಿಗಿಂತ ಮೊದಲು ರಿಪೇರಿ ಬಲ್ಲವರು.

ಟೇಪು ಹಾಕುವ ಮುಂಚೆ ಅದರ ಕಿಟಕಿಯೊಳಗೆ ಬೆಳಕು ಬಿಟ್ಟು ನೋಡ್ರಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು, ಮಶೀನಿಗೆ ಹಾಕಲೇಬಾರದು. ಅದು ಹೆಡ್‌ಗೆ ಅಂಟಿ, ಆಮೇಲೆ ಹಾಕಿದ ಒಳ್ಳೆ ಟೇಪನ್ನೂ ಕೆಡಿಸುತ್ತೆ. ದೊಡ್ಡ ಕ್ಯಾಸೆಟ್‌ನ ಬೆನ್ನಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತೆ, ಅದನ್ನ ಮುರಿದುಬಿಡಿ. ಮುಂದೆ ಅದರ ಮೇಲೆ ರೆಕಾರ್ಡ್ ಆಗೋಲ್ಲ. ಈ ಬುದ್ಧಿ ನಮ್ಮವರಿಗೆ ಆಗ ಇರಲಿಲ್ಲ. ದೊಡ್ಡ ಕ್ಯಾಸೆಟ್ ಒಂದರಲ್ಲಿ ಅತ್ತೆಯ ನಿಶ್ಚಿತಾರ್ಥ ಶುರುವಾಗಿ, ಉಂಗುರ ತೊಡಿಸುವ ಹೊತ್ತಿಗೆ ಥಟ್ಟನೆ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ! 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್, ವೆಂಕಟೇಶ್ ಪ್ರಸಾದ್ ಓಡಿ ಬರುತ್ತಿದ್ದಾರೆ. ಯಾರು ರೆಕಾರ್ಡ್ ಮಾಡಿದ್ದು ಅಂತ ಇಷ್ಟು ವರ್ಷವಾದರೂ ಮನೆಯಲ್ಲಿ ಯಾರೂ ಒಪ್ಪಿಕೊಂಡಿಲ್ಲ.

ಇನ್ನೊಂದು, ಟೇಪನ್ನ ಬೇಗ ಓಡಿಸಿ ನಕಲು ಮಾಡೋಕಾಗಲ್ಲ. ಮೂರು ಗಂಟೆಯ ಕ್ಯಾಸೆಟ್‌ಗೆ ಮೂರು ಗಂಟೆಯೇ. ಅಂಗಡಿಯವರು ಹಣ ಕೇಳೋದು ಆ ಹೊತ್ತಿಗೆ, ನೀವೇ ಕೂತರೆ ಉಳಿಯೋದೂ ಅದೇ ಹಣ. ನಮ್ಮ ಹಳೆ ಕ್ಯಾಮೆರಾಕ್ಕೆ ಎರಡೇ ವೈರು, ಚಿತ್ರಕ್ಕೆ ಹಳದಿ, ಧ್ವನಿಗೆ ಬಿಳಿ. ಹಾಗೇ ತುಂಬಿಸಿದರೆ ಇಯರ್‌ಫೋನ್‌ನ ಎಡಗಿವಿಯಲ್ಲಷ್ಟೇ ಕೇಳುತ್ತೆ; ಸಾಫ್ಟ್‌ವೇರ್‌ನಲ್ಲಿ 'ಮೋನೊ' ಒತ್ತಿದರೆ ಎರಡೂ ಕಿವಿಗೆ ಬರುತ್ತೆ. ಕೈ ಬೀಸಿದಾಗ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಂಡರೆ 'ಡಿಇಂಟರ್ಲೇಸ್' ಹಾಕಿ. ಸೆಕೆಂಡಿಗೆ 8 ಮೆಗಾಬಿಟ್ ಇಟ್ಟರೆ ಗಂಟೆಗೆ ಸುಮಾರು ಮೂರೂವರೆ ಜಿಬಿ ಆಗುತ್ತೆ. 4.7 ಜಿಬಿ ಡಿವಿಡಿಗೆ ಒಂದು ಗಂಟೆ ಚೆನ್ನಾಗಿ, ಎರಡು ಗಂಟೆ ಪರವಾಗಿಲ್ಲ ಅನ್ನೋ ಹಾಗೆ ಕೂರುತ್ತೆ. ಅದಕ್ಕಿಂತ ಹೆಚ್ಚು ತುರುಕಿದರೆ ಮತ್ತೆ 2004ರ ಕಥೆಯೇ. ಕಾಕಾಗೆ ಡಿವಿಡಿ ಕೊಟ್ಟೆ, ಅವರಿಗೆ ಕೈಯಲ್ಲಿ ಹಿಡಿಯೋ ವಸ್ತು ಬೇಕು. ಅಸಲಿ ಫೈಲು ಮಾತ್ರ ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಊರಿನಲ್ಲಿ ಇದೆ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದೇನು ಹೇಳ್ತೀನಿ. ಮದುವೆ ನಡೆದದ್ದು 1994ರ ಫೆಬ್ರುವರಿ ಕೊನೆಗೆ. ಅದಕ್ಕೆ ಐದು ತಿಂಗಳ ಹಿಂದೆ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿತ್ತು. ಗಣಪತಿ ಕಳಿಸಿ ಮಲಗಿದ್ದ ಊರುಗಳು, ಕಲ್ಲು-ಮಣ್ಣಿನ ಮನೆಗಳು, ಸಾವಿರಾರು ಜನ ಅಡಿಯಲ್ಲೇ ಹೋದರು. ಭಾಲ್ಕಿ, ಔರಾದ್ ಕಡೆಯೂ ನೆಲ ನಡುಗಿತ್ತು. ಪುಸ್ತಕದಲ್ಲಿ ನಾವು ಓದಿದ್ದು ಕಿಲ್ಲಾರಿಯ ಹೆಸರು, ಸತ್ತವರ ಸಂಖ್ಯೆ.

ಕ್ಯಾಸೆಟ್‌ನ ನಲವತ್ತನೇ ನಿಮಿಷದ ಹೊತ್ತಿಗೆ ಕ್ಯಾಮೆರಾ ಚಪ್ಪರದ ಮೂಲೆಗೆ ತಿರುಗುತ್ತೆ. ನಾನು ಹುಟ್ಟುವ ಮುಂಚೆಯೇ ತೀರಿಹೋದ ನಮ್ಮ ಮುತ್ಯಾ ಬೀಗರ ಜೊತೆ ಎಲೆ-ಅಡಿಕೆ ಹಾಕ್ಕೊಂಡು ಕೂತಿದ್ದಾರೆ. ಯಾರೋ ಏನೋ ಕೇಳಿದರು, ಗದ್ದಲದಲ್ಲಿ ಗೊತ್ತಾಗಲಿಲ್ಲ. ಮುತ್ಯಾನ ಉತ್ತರ ಸ್ಪಷ್ಟ: "ಮನಿ ಬಿದ್ದಿಲ್ಲ ಖರೆ. ಒಳಗ ಮಲ್ಕೊಳ್ಳಾಕ ಧೈರ್ಯ ಆಗವಲ್ದು. ಇನ್ನಾ ಅಂಗಳದಾಗೇ ಮಲ್ಕೋತೀವಿ." ಐದು ತಿಂಗಳಾದ ಮೇಲೂ! ಪಕ್ಕದ ಹೆಣ್ಣುಮಗಳೊಬ್ಬಳು "ನಾವೂ ಹಂಗೇ" ಅಂತಾಳೆ. ಆಮೇಲೆ ಮಾತು ತೊಗರಿ ಧಾರಣಿಗೆ ಹೋಗುತ್ತೆ. ವಿಸಿಡಿ ಹುಡುಕಿ ನೋಡಿದೆ. ಅದೇ ಮೂಲೆ, ಅದೇ ಮುತ್ಯಾ ಅದರಲ್ಲೂ ಇದ್ದಾರೆ. ತುಟಿ ಅಲ್ಲಾಡುತ್ತೆ, ಮೇಲೆ ಸಿನಿಮಾ ಹಾಡು.

ಸಣ್ಣ ಕ್ಯಾಸೆಟ್ ಇನ್ನೆರಡು ಉಳಿದಿವೆ. ಒಂದು ಖಾಲಿ. ಇನ್ನೊಂದರ ಅಂಚಿನಲ್ಲಿ ಬಿಳಿ ಪುಡಿ ಇದೆ, ಮೇಲೆ ಹೆಸರೂ ಬರೆದಿಲ್ಲ. ಅದನ್ನ ಮಶೀನಿಗೆ ಹಾಕಿಲ್ಲ. ಟೇಪು ಬಿಚ್ಚಿ ಬೂಷ್ಟು ಒರೆಸಬಲ್ಲವರು ಸಿಗೋ ತನಕ ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಇಟ್ಟಿದ್ದೇನೆ.