ಬಾಬ್ ರಾಸ್: ಹ್ಯಾಪಿ ಆಕ್ಸಿಡೆಂಟ್ಸ್, ಬಿಟ್ರೇಯಲ್ ಅಂಡ್ ಗ್ರೀಡ್

ಅಮೆರಿಕದ ಜನಪ್ರಿಯ ಟಿ.ವಿ. ಚಿತ್ರಕಲಾವಿದ ಬಾಬ್ ರಾಸ್ (1942–1995) ಅವರ ಬದುಕು ಹಾಗೂ ಅವರ ಹೆಸರಿನ ಹಕ್ಕಿನ ವ್ಯಾಜ್ಯ ಕುರಿತ ಸಾಕ್ಷ್ಯಚಿತ್ರ. ನಿರ್ದೇಶನ: ಜೋಶುವಾ ರೋಫೆ. ನೆಟ್‌ಫ್ಲಿಕ್ಸ್‌ನಲ್ಲಿ 2021ರ ಆಗಸ್ಟ್ 25ರಂದು ಬಿಡುಗಡೆಯಾಯಿತು.

‘ದಿ ಜಾಯ್ ಆಫ್ ಪೇಂಟಿಂಗ್’ (1983–94) ಎಂಬ 403 ಕಂತುಗಳ ಕಾರ್ಯಕ್ರಮದಲ್ಲಿ ಹಸಿ ಬಣ್ಣ ಬಳಿದ ಕ್ಯಾನ್ವಾಸಿನ ಮೇಲೆ ಅಗಲ ಕುಂಚದಿಂದ ಮೋಡ, ಅಲಗಿನಿಂದ ಹಿಮಶಿಖರ ಮೂಡಿಸಿ ಅರ್ಧ ಗಂಟೆಯೊಳಗೆ ಚಿತ್ರ ಮುಗಿಸುವುದು ರಾಸ್ ಅವರ ಪರಿ. ಅವರ ಮೆಲುದನಿ ಲಕ್ಷಾಂತರ ನೋಡುಗರಿಗೆ ಕುಂಚ ಹಿಡಿಯುವ ಧೈರ್ಯ ಕೊಟ್ಟಿತು.

ಅವರ ಹೆಸರು, ಮುಖಚಹರೆಗಳ ಹಕ್ಕು ವ್ಯಾಪಾರ ಪಾಲುದಾರರಾದ ಕೊವಾಲ್‌ಸ್ಕಿ ದಂಪತಿಯ ಬಾಬ್ ರಾಸ್ ಇಂಕ್ ಸಂಸ್ಥೆಯ ಕೈಸೇರಿದ ಬಗೆಯನ್ನು ಮಗ ಸ್ಟೀವ್ ರಾಸ್ ಸಾಕ್ಷ್ಯಚಿತ್ರದಲ್ಲಿ ನೋವಿನಿಂದ ವಿವರಿಸುತ್ತಾರೆ. ಚಿತ್ರದ ನಿರೂಪಣೆಯನ್ನು ಸಂಸ್ಥೆ ಅಲ್ಲಗಳೆದಿದೆ. ಮಗನ ಕಡೆಯಿಂದ 2017ರಲ್ಲಿ ದಾಖಲಾದ ದಾವೆಯಲ್ಲಿ 2019ರ ತೀರ್ಪು ಸಂಸ್ಥೆಯ ಪರವಾಗಿ ಬಂತು.